ಮೇಜಿನ ಮೇಲಿಟ್ಟ ಕೈ

ಹೊಳೆದಂಡೆಯ ಇಟ್ಟಿಗೆ ಗೂಡಿನಲ್ಲಿ, ತಗಡಿನ ಚಪ್ಪರದ ಕೆಳಗೆ ಒಂದು ಟೀವಿ ಇತ್ತು. ಅದರ ದನಿಯನ್ನು ಪೂರ್ತಿ ಇಳಿಸಿಟ್ಟಿದ್ದರು. ಏರಿಸಿದರೂ ಪ್ರಯೋಜನವಿರಲಿಲ್ಲ. ಟೀವಿಯ ಹಲಗೆಗೂ ಮಣ್ಣು ಕಲಸುವ ಯಂತ್ರಕ್ಕೂ ನಡುವೆ ಒಂದು ಎತ್ತಿನ ಗಾಡಿ ನಿಲ್ಲುವಷ್ಟೇ ಜಾಗ. ಬೆಳಿಗ್ಗೆ ಯಂತ್ರ ಹೊರಟಿತೆಂದರೆ ಊಟದ ಬಿಡುವಿನವರೆಗೂ ಅದರ ಗುಡುಗು ನಿಲ್ಲುತ್ತಿರಲಿಲ್ಲ. ಅದರ ಪಕ್ಕದಲ್ಲಿ ಒಬ್ಬರ ಕಿವಿಗೆ ಬಾಯಿಟ್ಟು ಕಿರುಚಿದರೆ ಉಗುಳು ತಗುಲೀತೇ ಹೊರತು ಮಾತು ತಲುಪುತ್ತಿರಲಿಲ್ಲ.

ಆದರೂ ಮಧ್ಯಾಹ್ನದ ವಾರ್ತೆಯ ಹೊತ್ತಿಗೆ ಟೀವಿ ಹಾಕಿರಬೇಕು. ಅದು ಗೂಡಿನ ಯಜಮಾನಿಯ ಕಟ್ಟಪ್ಪಣೆ. ಆಕೆಯನ್ನು ಅಲ್ಲಿ ಎಲ್ಲರೂ ಅಕ್ಕ ಎನ್ನುತ್ತಿದ್ದರು. ಅವಳಿಗಿಂತ ಹಿರಿಯರಾದ ಮಣ್ಣು ಹೊರುವವರೂ ಅಕ್ಕ ಎಂದೇ ಕರೆಯುತ್ತಿದ್ದರು. ಅವಳ ಅಚ್ಚಿನ ಮೇಜು ಟೀವಿಗೆ ನೇರ ಎದುರು. ಕೈ ತನ್ನ ಪಾಡಿಗೆ ಮಣ್ಣಿನ ಮುದ್ದೆ ಎತ್ತಿ ಅಚ್ಚಿಗೆ ಬಡಿಯುತ್ತಿದ್ದರೆ ಕಣ್ಣು ಮೇಲಿರುತ್ತಿತ್ತು. ವಾರ್ತೆ ಓದುವವಳು ಅವಳ ಒಡಹುಟ್ಟಿದ ತಂಗಿ.

ತೆರೆಯ ಅಡಿಯಲ್ಲಿ ಓಡುವ ಅಕ್ಷರ ಓದಲು ಅಲ್ಲಿ ಯಾರಿಗೂ ಬರುತ್ತಿರಲಿಲ್ಲ. ದನಿ ಇಲ್ಲದ ವಾರ್ತೆಯನ್ನು ಗೂಡಿನವರು ತಂಗಿಯ ಮುಖದಲ್ಲೇ ಓದಿಕೊಳ್ಳುತ್ತಿದ್ದರು. ವಾರ್ತೆ ಮುಗಿದು ಊಟದ ಬಿಡುವಿನಲ್ಲಿ ಯಂತ್ರ ನಿಂತಾಗ ಅದೇ ಚರ್ಚೆ. ಇವತ್ತು ಯಾರೋ ದೊಡ್ಡವರು ಸತ್ತಿದ್ದಾರೆ, ಹುಬ್ಬು ನೋಡಿ ಎಂದು ಒಬ್ಬ. ಸತ್ತಿಲ್ಲ, ಬೆಲೆ ಏರಿದೆ ಎಂದು ಇನ್ನೊಬ್ಬಳು. ಅಕ್ಕ ಇಬ್ಬರನ್ನೂ ಒಪ್ಪುತ್ತಿರಲಿಲ್ಲ.

"ಬೆಲೆನೂ ಇಲ್ಲ, ಸಾವೂ ಇಲ್ಲ. ಅವಳಿಗೆ ನೆಗಡಿ. ರಾತ್ರಿ ಮೂಗು ಕಟ್ಟಿದೆ," ಎನ್ನುವಳು.

"ಅಲ್ಲಕ್ಕ, ಲೋಕದ ಸುದ್ದಿಯೆಲ್ಲ ಬಿಟ್ಟು ಮೂಗು ನೋಡ್ತೀಯಲ್ಲ."

"ಲೋಕವನ್ನ ನೋಡಿಕೊಳ್ಳೋಕೆ ಬೇಕಾದಷ್ಟು ಜನ ಇದ್ದಾರೆ. ಅವಳ ಮೂಗು ನೋಡೋಕೆ ನಾನೊಬ್ಬಳೇ."

ಸಂಜೆ ಫೋನಿನಲ್ಲಿ ಕೇಳಿದರೆ ನೆಗಡಿ ನಿಜವೇ ಆಗಿರುತ್ತಿತ್ತು.

ಗೂಡಿನ ಜಾಗದ ಬಗ್ಗೆ ಹೇಳಬೇಕು. ಒಳ್ಳೆಯ ಜೇಡಿ ಸಿಗುವುದು ಹೊಳೆಯ ಮಗ್ಗುಲಲ್ಲೇ. ತಲೆಮಾರಿನಿಂದ ಅಗೆದು ಅಗೆದು ಅಲ್ಲೊಂದು ದೊಡ್ಡ ಗುಂಡಿಯಾಗಿತ್ತು. ಅದರ ತಳ ಹೊಳೆಯ ನೀರಿಗಿಂತ ತಗ್ಗು. ನಡುವೆ ಇದ್ದದ್ದು ಒಂದು ಮಣ್ಣಿನ ಏರಿ, ಅದರ ಮೇಲೆ ಹುಲ್ಲು. ಯಂತ್ರ, ಚಪ್ಪರ, ಒಣಹಾಕಿದ ಹಸಿ ಇಟ್ಟಿಗೆಯ ಸಾಲು, ಎಲ್ಲವೂ ಗುಂಡಿಯೊಳಗೇ. ಮೇಲಿನ ದಾರಿಗೆ ಹೋಗಲು ಕಡಿದಾದ ಒಂದೇ ಇಳಿಜಾರು.

ಅಲ್ಲಿ ಮಾತೆಲ್ಲ ಕೈಯಲ್ಲಿ. ಅಂಗೈ ಅಡ್ಡ ಮಾಡಿ ಸವರಿದರೆ ನೀರು ಸಾಕು. ಬೆರಳ ತುದಿ ಒಟ್ಟು ಸೇರಿಸಿ ಉಜ್ಜಿದರೆ ಮಣ್ಣಿನಲ್ಲಿ ಕಲ್ಲಿದೆ. ಅಂಗೈ ಮೇಲೆ ಮಾಡಿ ಒಂದಿಷ್ಟು ಎತ್ತಿದರೆ ಹದ ಬಂತು, ಎಲ್ಲ ಸರಿ. ಇವು ಎಷ್ಟೋ ಇದ್ದವು. ಬೈಗುಳಕ್ಕೂ ಕೈ ಇತ್ತು, ತಮಾಷೆಗೂ ಇತ್ತು. ಒಬ್ಬಳು ಗಂಡನ ಮೇಲೆ ಮುನಿಸಿಕೊಂಡರೆ ಇಡೀ ಗುಂಡಿಗೆ ಅದು ದೂರದಿಂದಲೇ ಕಾಣುತ್ತಿತ್ತು.

ಎಲ್ಲಕ್ಕಿಂತ ದೊಡ್ಡದು ಒಂದಿತ್ತು. ಎರಡೂ ತೋಳನ್ನು ತಲೆಯ ಮೇಲೆ ನೇರ ಎತ್ತಿ, ಮಣಿಕಟ್ಟು ಅಡ್ಡ ಕೂಡಿಸಿ, ಆಮೇಲೆ ಎರಡು ಕಡೆಗೂ ಬಿಚ್ಚಿ ಎದೆಗೆ ಎಳೆದುಕೊಳ್ಳುವುದು. ಕೈಯಲ್ಲಿದ್ದದ್ದು ಅಲ್ಲೇ ಬಿಡಿ, ಮೇಲೆ ಬನ್ನಿ ಎಂದು ಅದರ ಅರ್ಥ. ಅದನ್ನು ಕಂಡವನು ತಾನೂ ಹಾಗೇ ಮಾಡಿ ಮುಂದಿನವನಿಗೆ ದಾಟಿಸಿ ಹತ್ತಬೇಕು. ಯಾಕೆ ಎಂದು ಕೇಳುವಂತಿಲ್ಲ. ಮೇಲೆ ಬಂದ ಮೇಲೆ ಕೇಳಬಹುದು.

ತಂಗಿ ಚಿಕ್ಕವಳಿದ್ದಾಗ ಒಮ್ಮೆ ಅದನ್ನು ಆಟಕ್ಕೆ ಮಾಡಿಬಿಟ್ಟಿದ್ದಳು. ಅವಳ ಕೈ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ನಿದ್ದೆಯಲ್ಲೂ ಕೈ ಆಡಿಸಿ ಏನೋ ಹೇಳುವಳು. ಅದಕ್ಕೇ ಗೂಡಿನವರು ಅವಳಿಗೆ ರೆಕ್ಕೆ ಎಂದು ಹೆಸರಿಟ್ಟಿದ್ದರು. ಆ ದಿನ ದಂಡೆಯ ಮೇಲೆ ನಿಂತು ರೆಕ್ಕೆ ತೋಳೆತ್ತಿದಳು. ಗುದ್ದಲಿಗಳು ಬಿದ್ದವು, ಮಣ್ಣು ತುಂಬಿದ ಬಾಂಡ್ಲಿಗಳು ಉರುಳಿದವು, ಬಸುರಿಯೊಬ್ಬಳು ಏದುಸಿರು ಬಿಡುತ್ತ ಇಳಿಜಾರು ಹತ್ತಿ ಬಂದಳು. ತನ್ನ ಎರಡು ಕೈಯ ಮಾತಿಗೆ ಅಷ್ಟು ಜನ ಮೇಲೆ ಬಂದದ್ದು ಕಂಡು ಅವಳಿಗೇ ದಿಗಿಲಾಗಿ ಅಳು ಬಂತು. ಆಗ ಗೂಡು ನಡೆಸುತ್ತಿದ್ದ ಅವ್ವ ಹೊಡೆಯಲಿಲ್ಲ. ಒಬ್ಬೊಬ್ಬರ ಮುಂದೆಯೂ ನಿಲ್ಲಿಸಿ, ಏನೂ ಆಗಿರಲಿಲ್ಲ, ಸುಳ್ಳು ಹೇಳಿದೆ ಎಂದು ಹೇಳಿಸಿದಳು.  ಆಮೇಲೆ ಆ ಸನ್ನೆಯನ್ನು ಅವಳು ಕನಸಿನಲ್ಲೂ ಮಾಡಲಿಲ್ಲ.

ಅವ್ವ ಹೋದ ಮೇಲೆ ಗೂಡು ಅಕ್ಕ ಭಾವನ ಕೈಗೆ ಬಂತು. ರೆಕ್ಕೆ ಓದಿದಳು. ಯಂತ್ರದ ಸದ್ದಿನಲ್ಲಿ ಬೆಳೆದವಳಿಗೆ ಮೌನ ಸಿಕ್ಕಿದ ಕೂಡಲೇ ತನಗೆ ಕಂಚಿನ ಗಂಟೆಯಂಥ ದನಿ ಇದೆ ಎಂದು ಗೊತ್ತಾಯಿತು. ಕಾಲೇಜಿನಲ್ಲಿ ಯಾರೋ ಮೆಚ್ಚಿ ಟೀವಿ ವಾರ್ತೆಯ ಆಯ್ಕೆಗೆ ಕಳಿಸಿದರು. ದನಿಯನ್ನು ಎಲ್ಲರೂ ಒಪ್ಪಿದರು. ತೊಂದರೆ ಕೈಯದು.

ಅಲ್ಲಿ ಹೊಸಬರನ್ನು ತಿದ್ದಲು ಹಳಬರೊಬ್ಬರಿದ್ದರು. ಅವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಅವಳ ಮೊದಲ ಓದು ನೋಡಿ ಅವರು ಕನ್ನಡಕ ತೆಗೆದು ಒರೆಸಿಕೊಂಡರಂತೆ. ನಿಮ್ಮ ಬಾಯಿ ಸುದ್ದಿ ಹೇಳೋ ಮೊದಲೇ ಕೈ ಹೇಳಿಬಿಡ್ತದೆ ತಾಯಿ, ನೋಡೋರು ಯಾರ ಮಾತು ಕೇಳಬೇಕು ಎಂದರಂತೆ. ಮರುದಿನ ಎರಡು ಹಸಿ ಕೋಳಿಮೊಟ್ಟೆ ತಂದರು. ಮೇಜಿನ ಮೇಲೆ ಇಟ್ಟು, ಒಂದೊಂದು ಅಂಗೈಯ ಕೆಳಗೆ ಒಂದೊಂದು. ಒತ್ತಿದರೆ ಒಡೆಯುತ್ತದೆ, ಎತ್ತಿದರೆ ಉರುಳುತ್ತದೆ. ಹಾಗೇ ಇಟ್ಟುಕೊಂಡು ಓದಬೇಕು. ಮೊದಮೊದಲು ರೆಕ್ಕೆಯ ಸೀರೆಯ ಮಡಿಲೆಲ್ಲ ಹಳದಿ. ಕ್ಯಾಂಟೀನಿನವನು ಇವಳನ್ನು ಕಂಡರೆ ಇವತ್ತು ಆಮ್ಲೆಟ್ ಎಷ್ಟು ಮೇಡಂ ಎಂದು ನಗುವನು. ಕೊನೆಗೊಂದು ದಿನ ಭೂಕಂಪದ ಸುದ್ದಿಯನ್ನು ಪೂರ್ತಿ ಓದಿ ಮುಗಿಸಿ ಕೈ ತೆಗೆದಾಗ ಎರಡೂ ಮೊಟ್ಟೆ ಬೆಚ್ಚಗೆ ಹಾಗೇ ಇದ್ದವು.

ವರ್ಷಗಳು ಕಳೆದವು. ಅವಳ ನಿಶ್ಚಲತೆಗೇ ಹೆಸರಾಯಿತು. ಎಂಥ ಸುದ್ದಿ ಬಂದರೂ ಆ ಎರಡು ಕೈ ಮೇಜಿನ ಮೇಲೆ ಮಲಗಿದ ಹಸುಗಳಂತೆ ಇರುತ್ತಿದ್ದವು. ಕಿವಿಯೊಳಗೆ ಕೂರಿಸಿದ ಸಣ್ಣ ಯಂತ್ರದಲ್ಲಿ ಪ್ರೊಡ್ಯೂಸರ್ ಮಾತಾಡುತ್ತಲೇ ಇರುತ್ತಿದ್ದ. ಇನ್ನೊಂದು ಸುದ್ದಿ ಬಂತು, ಇದನ್ನು ಬಿಡಿ, ಅದನ್ನು ಓದಿ. ಕಿವಿ ಅವನದು ಕೇಳುತ್ತಿರುವಾಗಲೇ ಬಾಯಿ ಬೇರೆಯದನ್ನು ಹೇಳುತ್ತಿರಬೇಕು, ಮುಖ ಮೂರನೆಯದನ್ನು ಮರೆಮಾಡುತ್ತಿರಬೇಕು. ಅವನಿಗೆ ಅವಳು ಕಿವಿಯಣ್ಣ ಎಂದು ಹೆಸರಿಟ್ಟಿದ್ದಳು. ಕಟ್ಟಿಕೊಂಡ ಗಂಡನಿಗಿಂತ ಹೆಚ್ಚು ಮಾತಾಡುವ ಗಂಡಸು ಇವನೇ ಎಂದು ಮನೆಯಲ್ಲಿ ನಗೆಯಾಡುವಳು.

ಗಂಡ ಶಾಲೆಯಲ್ಲಿ ಗಣಿತ ಹೇಳಿಕೊಡುವವನು, ಸಾಧುವಾದ ಮನುಷ್ಯ. ಅವನು ಒಮ್ಮೆ ಮಾತ್ರ ಒಂದು ಮಾತು ಅಂದಿದ್ದ. ಊಟಕ್ಕೆ ಕೂತಿದ್ದರು, ಏನೋ ಸಣ್ಣ ಜಗಳ.

"ಬೈಯೋದಾದ್ರೆ ಕೈ ಎತ್ತಿ ಬೈಯಿ ಮಾರಾಯ್ತಿ. ಹೀಗೆ ಮೇಜಿನ ಮೇಲೆ ಇಟ್ಕೊಂಡು ಬೈದ್ರೆ ವಾರ್ತೆ ಕೇಳಿದ ಹಾಗಿರುತ್ತೆ."

ಅವಳು ನಕ್ಕಳು. ಆದರೆ ಕೈ ನೋಡಿಕೊಂಡಳು. ಕಳೆದ ಸಲ ಗೂಡಿಗೆ ಹೋದಾಗಲೂ ಹಾಗೇ ಆಗಿತ್ತು. ದೂರದಿಂದ ಭಾವನಿಗೆ ಊಟಕ್ಕೆ ಬಾ ಎಂದು ಸನ್ನೆ ಮಾಡಹೋಗಿ ಯಂತ್ರಕ್ಕೆ ನೀರು ಬಿಡು ಎಂದುಬಿಟ್ಟಿದ್ದಳು. ರೆಕ್ಕೆಗೆ ಕೈ ತೊದಲು ಬಂದಿದೆ ಎಂದು ಮಣ್ಣಿನವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳೂ ನಕ್ಕಳು. ವಾಪಸು ಬರುವ ಬಸ್ಸಿನಲ್ಲಿ ಮಾತ್ರ ಕಿಟಕಿಯ ಕಡೆ ತಿರುಗಿ, ಮಡಿಲಲ್ಲೇ ಒಂದೊಂದೇ ಸನ್ನೆಯನ್ನು ನೆನಪು ಮಾಡಿಕೊಂಡಳು. ದೊಡ್ಡದೊಂದನ್ನು ಬಿಟ್ಟು.

ಆ ದಿನ ಗೂಡಿನ ಕಡೆ ಬಿಸಿಲಿತ್ತು. ಮಳೆ ಬಿದ್ದದ್ದು ಬಹಳ ದೂರ, ಹೊಳೆ ಹುಟ್ಟುವ ಬೆಟ್ಟಗಳಲ್ಲಿ. ಮಧ್ಯಾಹ್ನದ ವಾರ್ತೆ ಅರ್ಧ ಆಗಿತ್ತು. ರೆಕ್ಕೆ ಯಾವುದೋ ಸಭೆಯ ಸುದ್ದಿ ಓದುತ್ತಿದ್ದಳು. ಕಿವಿಯಣ್ಣನ ದನಿ ಬಂತು. ಮೇಲಿನ ಅಣೆಕಟ್ಟಿನ ಬಾಗಿಲುಗಳನ್ನು ಒಮ್ಮೆಗೇ ತೆರೆದಿದ್ದಾರಂತೆ, ಕಟ್ಟೆಯೇ ಹೋಗುವ ಹಾಗಿತ್ತಂತೆ, ಮುಂಚೆ ತಿಳಿಸಲು ಯಾರಿಗೂ ಪುರಸೊತ್ತಾಗಿಲ್ಲ. ನೀರು ದಾರಿಯಲ್ಲಿದೆ. ಹೊಳೆಯ ತಗ್ಗು ದಂಡೆಯವರೆಲ್ಲ ಕೂಡಲೇ ಮೇಲೆ ಹೋಗಬೇಕು. ಇದನ್ನು ಓದಿ ಎಂದ.

ಓದಿದಳು. ದನಿ ಅಲುಗಲಿಲ್ಲ. ಓದುತ್ತಿದ್ದಂತೆಯೇ ಅವಳ ಕಣ್ಣ ಮುಂದೆ ಆ ಹುಲ್ಲಿನ ಏರಿ ಬಂತು. ಅದರ ಹಿಂದೆ ತಗ್ಗು, ತಗ್ಗಿನಲ್ಲಿ ಚಪ್ಪರ, ಚಪ್ಪರದಲ್ಲಿ ದನಿಯಿಲ್ಲದ ಟೀವಿ, ಅದರ ಮುಂದೆ ಅಕ್ಕ. ತಾನು ಹೇಳುತ್ತಿರುವ ಮಾತು ಲೋಕಕ್ಕೆಲ್ಲ ಕೇಳುತ್ತಿದೆ. ಅಕ್ಕ ತನ್ನ ಮೂಗು ನೋಡುತ್ತಿದ್ದಾಳೆ.

ಜಾಹೀರಾತು ಬಂದ ಕೂಡಲೇ ಸ್ಟುಡಿಯೊದ ಹುಡುಗಿಯಿಂದ ಫೋನ್ ತರಿಸಿ ಅಕ್ಕನಿಗೆ ಮಾಡಿದಳು. ಗಂಟೆ ಹೊಡೆದು ಹೊಡೆದು ನಿಂತಿತು. ಭಾವನದೂ ಅಷ್ಟೆ. ಅವಳಿಗೆ ಗೊತ್ತಿದ್ದದ್ದೇ. ಹಸಿ ಮಣ್ಣಿನ ಕೈಗೆ ಸಿಕ್ಕಿ ಹಾಳಾಗುತ್ತವೆಂದು ಎಲ್ಲರ ಫೋನುಗಳನ್ನೂ ಬಿಸ್ಕತ್ತಿನ ತಗಡಿನ ಡಬ್ಬದಲ್ಲಿ ಹಾಕಿ ಗೂಟಕ್ಕೆ ತೂಗುಹಾಕುವುದು ಅಲ್ಲಿನ ರೂಢಿ. ಯಂತ್ರ ನಿಂತ ಮೇಲೇ ಅದರ ಮುಚ್ಚಳ ತೆಗೆಯುವುದು. ಹತ್ತಿರದ ಠಾಣೆಗೆ ಹೇಳಿಸಿ ಎಂದು ಕಿವಿಯಣ್ಣನನ್ನು ಕೇಳಿದಳು. ಅವನು ಮಾಡಿದ. ಅವರು ಹೊರಡುತ್ತೇವೆ ಎಂದರು. ಆದರೆ ದಾರಿ ಸುತ್ತು, ನೀರಿನ ದಾರಿ ನೇರ.

ಮತ್ತೆ ಕೆಂಪು ದೀಪ ಹೊತ್ತಿತು. ಕ್ಯಾಮೆರಾ ಅವಳನ್ನು ನೋಡುತ್ತಿತ್ತು. ಅವಳು ಎಚ್ಚರಿಕೆಯನ್ನು ಇನ್ನೊಮ್ಮೆ ಓದಿದಳು. ಮುಗಿಸಿ, ಎದ್ದು ನಿಂತಳು.

ವಾರ್ತೆ ಓದುವವರು ನಡುವೆ ಎದ್ದು ನಿಲ್ಲುವುದುಂಟೆ. ತೆರೆಯಲ್ಲಿ ಅವಳ ತಲೆ ಮೇಲಕ್ಕೆ ಹೋಗಿ ಬರೀ ಸೆರಗು ಉಳಿಯಿತು. ಏನು ಮಾಡ್ತಿದ್ದೀರಿ, ಕೂತ್ಕೊಳ್ಳಿ ಎಂದು ಕಿವಿಯಲ್ಲಿ ಗದ್ದಲ. ಅವಳು ಕ್ಯಾಮೆರಾ ಹಿಡಿದವನ ಕಡೆ ನೋಡಿದಳು. ಅವನು ಎಂದೂ ಮಾತಾಡದ ಮನುಷ್ಯ. ಅವಳ ಕಣ್ಣಲ್ಲಿ ಏನು ಕಂಡನೋ, ಯಾರ ಅಪ್ಪಣೆಯನ್ನೂ ಕೇಳದೆ ಚಿತ್ರವನ್ನು ಹಿಂದಕ್ಕೆಳೆದು ಅವಳನ್ನು ಮಂಡಿಯವರೆಗೂ ತಂದ, ತಲೆಯ ಮೇಲೆ ಒಂದು ತೋಳುದ್ದ ಜಾಗ ಬಿಟ್ಟ.

ಅವಳು ತೋಳೆತ್ತಿದಳು. ಅಷ್ಟು ವರ್ಷ ಮೊಟ್ಟೆ ಕಾದ ಕೈಗಳು ಭಾರವಾಗಿದ್ದವು. ಮಣಿಕಟ್ಟು ಅಡ್ಡ ಕೂಡಿತು. ಬಿಚ್ಚಿಕೊಂಡು ಎದೆಗೆ ಬಂತು. ಎಲ್ಲೂ ತೊದಲಲಿಲ್ಲ. ಮತ್ತೆ ಎತ್ತಿದಳು. ಆ ಸನ್ನೆಯ ನಿಯಮವೆಂದರೆ ಕಡೆಯವನು ಮೇಲೆ ಬರುವವರೆಗೂ ಮಾಡುತ್ತಲೇ ಇರಬೇಕು. ಅವಳಿಗೆ ಕಡೆಯವನು ಕಾಣುವುದೆಲ್ಲಿ. ಎದುರಿಗಿದ್ದದ್ದು ಒಂದು ಗಾಜಿನ ಕಣ್ಣು, ಅದರ ಹಿಂದೆ ಕತ್ತಲೆ. ಆ ಕತ್ತಲೆಗೆ ಅವಳು ಬನ್ನಿ, ಬನ್ನಿ ಎಂದು ಕರೆಯುತ್ತಲೇ ಇದ್ದಳು. ಕಿವಿಯೊಳಗಿನ ಗದ್ದಲ ಅದು ಹೇಗೋ ನಿಂತುಹೋಯಿತು. ಕಂಟ್ರೋಲ್ ರೂಮಿನವರೆಲ್ಲ ಕೆಲಸ ಬಿಟ್ಟು ಬಾಯಿ ತೆರೆದು ನೋಡುತ್ತಿದ್ದರಂತೆ. ಅರ್ಥ ಒಬ್ಬರಿಗೂ ಗೊತ್ತಿರಲಿಲ್ಲ, ಆದರೂ ಎದ್ದು ನಿಂತಿದ್ದರಂತೆ. ಬಹಳ ಹೊತ್ತಿನ ಮೇಲೆ ಕಿವಿಯಣ್ಣ ಮೆಲ್ಲಗೆ ಹೇಳಿದ.

"ಯಾರಿಗೆ ಹೇಳ್ತಿದ್ದೀರೋ ಅವರಿಗೆ ಹೇಳಿ ಮುಗಿಸಿ. ನಾನು ಕಾಯ್ತೀನಿ."

ಗುಂಡಿಯಲ್ಲಿ ಅಕ್ಕ ಮುದ್ದೆ ಎತ್ತಿದ್ದಳು. ತಂಗಿ ಎದ್ದು ನಿಂತದ್ದು ಕಂಡು, ಇದೇನು ಹುಷಾರಿಲ್ಲವೇನೋ ಎಂದುಕೊಂಡಳು. ಆಮೇಲೆ ತೋಳು ಮೇಲೆದ್ದಿತು. ಮುದ್ದೆ ಅವಳ ಕೈಯಿಂದ ಜಾರಿ ಪಾದದ ಮೇಲೆ ಬಿತ್ತು.

ಅವಳಿಗೆ ಏನೂ ಅರ್ಥವಾಗಲಿಲ್ಲ ಎಂಬುದನ್ನು ಅವಳೇ ಆಮೇಲೆ ಹೇಳಿದಳು. ಹೊಳೆ ನೆನಪಾಗಲಿಲ್ಲ, ನೀರು ನೆನಪಾಗಲಿಲ್ಲ. ಅವ್ವ ದಂಡೆಯ ಮೇಲೆ ನಿಂತ ಹಾಗೆ ಕಂಡಿತಂತೆ, ಅಷ್ಟೆ. ಅವಳು ಚಪ್ಪರದಿಂದ ಹೊರಗೆ ಬಂದು ಎರಡೂ ತೋಳೆತ್ತಿದಳು. ಭಾವ ಕಂಡ, ಯಂತ್ರ ನಿಲ್ಲಿಸಿ ತಾನೂ ಎತ್ತಿದ. ಅವನ ಆಚೆಯವನು, ಅವನ ಆಚೆಯವಳು. ಗುಂಡಿಯ ಆ ತುದಿಯವರೆಗೂ ಕೈಗಳು ಏಳುತ್ತ ಹೋದವು, ಗಾಳಿ ಬಂದಾಗ ಜೋಳದ ಹೊಲ ತಲೆಯೆತ್ತುವಂತೆ. ಜನ ಹತ್ತಿದರು. ಭಾವ ಹತ್ತುವಾಗ ಗೂಟದ ಡಬ್ಬ ಕಿತ್ತುಕೊಂಡ.

ಮೇಲಿನ ದಾರಿಯಲ್ಲಿ ನಿಂತು ನೋಡಿದರೆ ಏನಿದೆ. ಬಿಸಿಲು. ಹೊಳೆ ತನ್ನ ಪಾಡಿಗೆ ಹರಿಯುತ್ತಿದೆ. ಏರಿಯ ಮೇಲೆ ಒಂದು ಆಡು ಮೇಯುತ್ತಿದೆ. ಗೊಣಗಾಟ ಶುರುವಾಯಿತು.

"ಯಾರಕ್ಕ ಕರೆದದ್ದು?"

"ನನ್ನ ತಂಗಿ."

"ಎಲ್ಲಿದ್ದಾಳೆ?"

"ಟೀವಿಯಲ್ಲಿ."

ಜನ ನಕ್ಕರು. ಸರಿ ಹೋಯ್ತು, ನಾಳೆ ಸೋಪಿನ ಜಾಹೀರಾತಿನವಳು ಸ್ನಾನಕ್ಕೆ ಕರೀತಾಳೆ, ಹೋಗೋಣ ಎಂದ ಮಣ್ಣು ಹೊರುವ ಮುದುಕ. ಒಬ್ಬಿಬ್ಬರು ಬುತ್ತಿ ತರುತ್ತೇವೆಂದು ಇಳಿಜಾರಿನ ಕಡೆ ಹೊರಟರು. ಅಕ್ಕ ಅಡ್ಡ ನಿಂತಳು.

"ಮೇಲೆ ಬಂದಾಯ್ತಲ್ಲ. ಈಗ ಕೇಳ್ತೀನಿ. ಅಲ್ಲೀವರೆಗೂ ಯಾರೂ ಕಾಲು ಇಡಬೇಡಿ."

ಮಣ್ಣಿನ ಬೆರಳನ್ನು ಸೀರೆಗೆ ಒರೆಸಿಕೊಂಡು ಡಬ್ಬದಿಂದ ಫೋನ್ ತೆಗೆದು ಒತ್ತಿದಳು. ರೆಕ್ಕೆಯ ಫೋನನ್ನು ಸ್ಟುಡಿಯೊದ ಹುಡುಗಿ ಎತ್ತಿದಳು, ಓಡಿಹೋಗಿ ಕಿವಿಯಣ್ಣನಿಗೆ ಕೊಟ್ಟಳು. ಆ ಹೊತ್ತಿಗೆ ರೆಕ್ಕೆ ಕೂತಾಗಿತ್ತು. ಕೈ ಮೇಜಿನ ಮೇಲಿತ್ತು. ಅಕ್ಕ ಕಂಡಳೋ ಇಲ್ಲವೋ ತಿಳಿಯದೆ ಅವಳು ಆಟೋಟದ ಸುದ್ದಿ ಓದುತ್ತಿದ್ದಳು. ಯಾವ ತಂಡ ಗೆದ್ದಿತೆಂದು ನಗುಮುಖದಲ್ಲಿ ಹೇಳುವುದೂ ಆ ಕೆಲಸದಲ್ಲಿ ಸೇರಿತ್ತು. ಅವಳು ನಗುತ್ತಿದ್ದಳು. ಅದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ ಎಂದು ಆ ಕ್ಯಾಮೆರಾದವನು, ಮಾತಾಡದವನು, ಹೇಳಿದ್ದುಂಟು.

ಆಗ ಕಿವಿಯಲ್ಲಿ ದನಿ ಬಂತು.

"ನಿಮ್ಮ ಅಕ್ಕ ಲೈನಲ್ಲಿದ್ದಾರೆ. ಎಲ್ಲರೂ ಮೇಲೆ ಬಂದ್ವಿ, ಈಗ ಯಾಕೆ ಅಂತ ಹೇಳು ಅಂತಿದ್ದಾರೆ."

ರೆಕ್ಕೆ ಓದುತ್ತಿದ್ದ ವಾಕ್ಯವನ್ನು ಪೂರ್ತಿ ಮಾಡಿದಳು. ಮಾಡಿ, ಕ್ಯಾಮೆರಾ ನೋಡಿ, ವಾರ್ತೆಯ ದನಿಯಲ್ಲೇ, "ಹೊಳೆ ಬರ್ತಾ ಇದೆ ಅಕ್ಕ. ಕೆಳಗೆ ಇಳೀಬೇಡಿ," ಎಂದಳು.

ಕಿವಿಯಣ್ಣ ಫೋನನ್ನು ಕಂಟ್ರೋಲ್ ರೂಮಿನ ಟೀವಿಗೆ ಹಿಡಿದಿದ್ದನಂತೆ. ಅಕ್ಕನಿಗೆ ಕೇಳಿಸಿತು. ಅವಳು ತಲೆಯೆತ್ತುವ ಹೊತ್ತಿಗೆ ಆಡು ಏರಿ ಬಿಟ್ಟು ಓಡುತ್ತಿತ್ತು.

ಮೊದಲು ಬಂದದ್ದು ಸದ್ದಲ್ಲ, ವಾಸನೆ. ಎಲ್ಲೋ ದೂರದ ಕಾಡಿನ ಹಸಿ ಎಲೆ, ಹರಿದ ಬೇರು, ತಣ್ಣನೆಯ ಕಲ್ಲಿನ ವಾಸನೆ. ಆಮೇಲೆ ಕಾಲ ಕೆಳಗಿನ ನೆಲ ಸಣ್ಣಗೆ ನಡುಗಿತು, ಯಂತ್ರ ನಿಂತಿದ್ದರೂ. ಆಮೇಲೆ ತಿರುವಿನಲ್ಲಿ ಹೊಳೆ ಎದ್ದು ಬಂತು. ಅದು ಓಡಿ ಬರಲಿಲ್ಲ. ತನಗೆ ಯಾರ ಭಯವೂ ಇಲ್ಲವೆಂಬಂತೆ, ಬುಡಸಮೇತ ಮರಗಳನ್ನು ಕಡ್ಡಿಯ ಹಾಗೆ ಹೊತ್ತುಕೊಂಡು, ಕಂದು ಬಣ್ಣದಲ್ಲಿ, ದಂಡೆಯಿಂದ ದಂಡೆಗೆ ತುಂಬಿ ಬಂತು. ಏರಿ ಒಡೆಯಲೂ ಇಲ್ಲ. ಬೆಲ್ಲದ ಹಾಗೆ ಕರಗಿತು. ಗುಂಡಿ ತುಂಬುವುದಕ್ಕೆ ಒಬ್ಬ ಮನುಷ್ಯ ಒಂದು ಚೊಂಬು ನೀರು ಕುಡಿಯುವಷ್ಟು ಹೊತ್ತು ಹಿಡಿಯಿತೋ ಇಲ್ಲವೋ. ಇಟ್ಟಿಗೆಯ ಸಾಲುಗಳು ಹಿಂದಿರುಗಿ ಮಣ್ಣಾದವು. ಚಪ್ಪರದ ತಗಡು ಒಮ್ಮೆ ಬಿಸಿಲಿಗೆ ಫಳ್ಳನೆ ಹೊಳೆದು ಮುಳುಗಿತು. ಯಂತ್ರ ಎಲ್ಲಿತ್ತೋ ಅಲ್ಲಿ ನೀರು ಒಂದು ಸುತ್ತು ತಿರುಗಿ ಮುಂದೆ ಹೋಯಿತು.

ದಾರಿಯ ಮೇಲೆ ನಿಂತವರೆಲ್ಲ ಬಾಳಿಡೀ ಆ ಹೊಳೆಯ ಪಕ್ಕ ಇದ್ದವರು, ಅದರ ಮಣ್ಣು ತಿಂದು ಬದುಕಿದವರು. ಅದು ಏನೆಂದು ಈಗ ಕಂಡರು. ಸೋಪಿನ ಮಾತಾಡಿದ ಮುದುಕ ತಲೆಯ ಮೇಲಿನ ಸಿಂಬಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ಬುತ್ತಿಗೆ ಹೊರಟವರು ತಮ್ಮ ಪಾದಗಳನ್ನು ನೋಡಿಕೊಳ್ಳುತ್ತಿದ್ದರು, ಅವು ಇನ್ನೂ ತಮ್ಮವೇ ಎಂಬುದು ನಂಬಿಕೆಯಾಗದವರ ಹಾಗೆ.

ಆ ವಾರ್ತೆ ಮುಗಿದ ಮೇಲೆ ರೆಕ್ಕೆಯನ್ನು ಮೇಲಿನವರ ಕೋಣೆಗೆ ಕರೆದರು. ನಿಯಮ ಮುರಿದದ್ದಕ್ಕೆ ಏನೋ ಹೇಳಬೇಕೆಂದು ಅವರು ಸಿದ್ಧವಾಗಿದ್ದರು. ಅಷ್ಟರಲ್ಲಿ ನಿವೃತ್ತರಾಗಿದ್ದ ಮೇಷ್ಟ್ರ ಫೋನ್ ಬಂತು. ಮೇಲಿನವರೂ ಒಂದು ಕಾಲಕ್ಕೆ ಅವರ ಶಿಷ್ಯರೇ. ಮೊಟ್ಟೆ ಇಟ್ಟಿದ್ದು ಕೈ ಸತ್ತುಹೋಗಲಿ ಅಂತಲ್ಲ, ಬೇಕಾದಾಗ ಎತ್ತಲಿ ಅಂತ ಎಂದರಂತೆ. ಮೇಲಿನವರು ಫೋನಿಟ್ಟು, ಹೋಗಿ, ಊಟ ಮಾಡಿ ಎಂದಷ್ಟೇ ಹೇಳಿದರು. ಅವಳು ಮನೆಗೆ ಹೋಗಿ ಗಂಡನಿಗೆ ನಡೆದದ್ದನ್ನೆಲ್ಲ ಹೇಳಿದಳು. ಹೇಳುವಾಗ ಅವಳ ಕೈ ತಗುಲಿ ನೀರಿನ ಲೋಟ ಉರುಳಿತು. ಅವನು ಒರೆಸಲು ಏಳಲಿಲ್ಲ, ಆ ಕೈಗಳನ್ನೇ ನೋಡುತ್ತ ಕೂತಿದ್ದ.

ಮರುದಿನ ಗೂಡಿನವರು ಎತ್ತರದ ಶಾಲೆಯೊಂದರ ಸಭಾಂಗಣದಲ್ಲಿದ್ದರು. ಅಲ್ಲೊಂದು ದೊಡ್ಡ ಟೀವಿ. ಅಲ್ಲಿ ಯಂತ್ರವಿಲ್ಲ, ಸದ್ದಿಲ್ಲ. ಮಧ್ಯಾಹ್ನದ ವಾರ್ತೆ ಬಂತು. ತಂಗಿ ಕಂಡಳು, ಕೂಡಲೇ ಅವಳ ದನಿಯೂ ಬಂತು. ಅಕ್ಕ ಬೆಚ್ಚಿದಳು. ಫೋನಿನಲ್ಲಿ ನೆಗಡಿಯ ಮಾತಾಡುವ ದನಿಯಲ್ಲ ಇದು. ತುಂಬಿದ ಕೆರೆಯ ಮೇಲೆ ಹಾದು ಬಂದಂತಿದ್ದ ಆ ದನಿ ಸಭಾಂಗಣದ ಮೂಲೆಮೂಲೆಗೂ ಹೋಯಿತು. ಅಳುತ್ತಿದ್ದ ಕೂಸುಗಳೂ ಸುಮ್ಮನಾದವು. ಇಷ್ಟು ವರ್ಷ ಇದು ನಮ್ಮ ತಲೆಯ ಮೇಲೇ ಇತ್ತೇ, ನಾವು ಮೂಗು ನೋಡುತ್ತಿದ್ದೆವೇ ಎಂದು ಭಾವ ಪಿಸುಗುಟ್ಟಿದ.

ಹೊಳೆಯ ಸುದ್ದಿ ಬಂತು. ತಗ್ಗು ದಂಡೆಯ ಇಟ್ಟಿಗೆ ಗೂಡು ಪೂರ್ತಿ ಮುಳುಗಿದೆ, ಅಲ್ಲಿದ್ದವರೆಲ್ಲರೂ ಕ್ಷೇಮವಾಗಿದ್ದಾರೆ ಎಂದು ದನಿ ಹೇಳಿತು. ಅಕ್ಕ ಮುಂದಕ್ಕೆ ಬಾಗಿ ಕಣ್ಣು ಕಿರಿದು ಮಾಡಿದಳು. ಏನೋ ಕಸಿವಿಸಿ.

"ಆ ದನಿ ಸ್ವಲ್ಪ ಇಳಿಸಿ," ಎಂದಳು. "ಅವಳು ಏನು ಹೇಳ್ತಿದ್ದಾಳೆ ಗೊತ್ತಾಗ್ತಿಲ್ಲ."

ಶಾಲೆಯವರು ನಕ್ಕರು. ಗೂಡಿನವರು ಯಾರೂ ನಗಲಿಲ್ಲ. ಭಾವ ಎದ್ದು ಹೋಗಿ ದನಿ ಪೂರ್ತಿ ಇಳಿಸಿದ. ತೆರೆಯ ಮೇಲೆ ತಂಗಿಯ ಎರಡೂ ಕೈ ಮೇಜಿನ ಮೇಲಿದ್ದವು. ಅವುಗಳಲ್ಲಿ ಬಲಗೈ ನಿಧಾನವಾಗಿ ಮಗುಚಿ, ಅಂಗೈ ಮೇಲಾಗಿ, ಒಂದಿಷ್ಟು ಎದ್ದಿತು. ಸಭಾಂಗಣದ ನೆಲದ ಮೇಲೆ ಕೂತಿದ್ದ ಮಣ್ಣಿನವರ ಅಂಗೈಗಳೂ ಒಂದೊಂದಾಗಿ ಎದ್ದವು.